ಮುಖ ಕಾಣದ ಕರೆ

ನಮ್ಮ ಕಡೆಯವರಿಗೆ ನಯವಾಗಿ ಮಾತಾಡಲು ಬರುವುದಿಲ್ಲ ಎಂದು ನಮಗೆ ತರಬೇತಿ ಕೊಡಲು ಬಂದ ಮೇಡಂ ಮೊದಲ ದಿನವೇ ತೀರ್ಮಾನ ಮಾಡಿಬಿಟ್ಟಿದ್ದರು. ಹೊನ್ನಾವರದಿಂದ ಮುರ್ಡೇಶ್ವರಕ್ಕೆ ಹೋಗುವ ಹೆದ್ದಾರಿಯ ಪಕ್ಕ, ಗೇರುಗುಡ್ಡವೊಂದನ್ನು ಸಪಾಟು ಮಾಡಿ ಕಟ್ಟಿದ ನೀರಾಟದ ಪಾರ್ಕು ಅದು. ಬಣ್ಣಬಣ್ಣದ ಜಾರುಬಂಡಿಗಳು, ಅಲೆ ಏಳುವ ಕೊಳ, ಪುಟಾಣಿ ರೈಲು, ಸಿಮೆಂಟಿನ ಬಂಡೆ, ಸಿಮೆಂಟಿನ ಡೈನೊಸಾರು. ನಿಜವಾದ ಸಮುದ್ರ ಕೂಗಳತೆಯಲ್ಲೇ ಇರುವಾಗ ದುಡ್ಡು ಕೊಟ್ಟು ಸುಳ್ಳು ಅಲೆಯಲ್ಲಿ ನೆನೆಯಲು ಯಾರು ಬರುತ್ತಾರೆ ಎಂದು ನನ್ನ ಅಮ್ಮ ನಕ್ಕಿದ್ದಳು. ಬಂದರು, ಕುಮಟೆಯಿಂದ, ಭಟ್ಕಳದಿಂದ, ಘಟ್ಟದ ಮೇಲಿನಿಂದ, ಬಸ್ಸು ಮಾಡಿಕೊಂಡು ಬಂದರು.

ಕೆಲಸಕ್ಕೆ ಸೇರಿದ ನಾವೆಲ್ಲ ಸುತ್ತಲಿನ ಊರಿನವರು. ನಾನು ಮಾವಳ್ಳಿಯವಳು. ನಮ್ಮಲ್ಲಿ ಬಾಗಿಲಿಗೆ ಬಂದವರನ್ನು "ಎಂತ ಬೇಕಾಗಿತ್ತು?" ಎಂದು ಕೇಳುವುದೇ ದೊಡ್ಡ ಮರ್ಯಾದೆ. ಮೇಡಂ ಅದನ್ನು ಕೇಳಿ ಕಿವಿ ಮುಚ್ಚಿಕೊಂಡರು. "ತಮಗೆ ನಾನು ಹೇಗೆ ಸಹಾಯ ಮಾಡಬಹುದು?" ಅನ್ನಬೇಕಂತೆ. "ಇಲ್ಲ" ಎಂಬ ಮಾತೇ ಬಾಯಿಂದ ಬರಬಾರದಂತೆ. ಐಸ್‌ಕ್ರೀಮ್ ಖಾಲಿಯಾಗಿದ್ದರೆ ಖಾಲಿ ಅನ್ನಬಾರದು, ತಣ್ಣನೆಯ ಜ್ಯೂಸ್ ಇದೆ ಅನ್ನಬೇಕು. ದಾರಿ ತೋರಿಸುವಾಗ ಬೆರಳು ಚಾಚಬಾರದು, ಇಡೀ ಅಂಗೈ ಚಾಚಬೇಕು. ಗೆಸ್ಟ್ ಎದುರು ಕೂಗಬಾರದು, ಓಡಬಾರದು. "ನೀವು ಓಡಿದರೆ ಅವರು ಹೆದರುತ್ತಾರೆ" ಎಂದಿದ್ದರು. ಎಲ್ಲಕ್ಕಿಂತ ಮುಖ್ಯ, ನಗು. ಮುಖದಲ್ಲಿ ನಗುವಿದ್ದರೆ ದನಿಯಲ್ಲೂ ನಗುವಿರುತ್ತದೆ, ಫೋನಿನಲ್ಲಾಗಲಿ ಮೈಕಿನಲ್ಲಾಗಲಿ ಅದು ಕೇಳುತ್ತದೆ ಎಂದು ನಮ್ಮನ್ನು ಕನ್ನಡಿಯ ಮುಂದೆ ನಿಲ್ಲಿಸಿ ನಗಿಸಿದರು. ಮನೆಗೆ ಹೋಗುವ ಹೊತ್ತಿಗೆ ನನ್ನ ದವಡೆ ನೋಯುತ್ತಿತ್ತು.

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಆ ನಯ ನನಗೆ ಬಹಳ ಬೇಗ ಒಗ್ಗಿತು. ಕನ್ನಡ, ಕೊಂಕಣಿ, ಅಷ್ಟಿಷ್ಟು ಹಿಂದಿ ಬರುತ್ತಿದ್ದುದರಿಂದ ನನ್ನನ್ನು ಮೈಕಿನ ಕೋಣೆಗೆ ಹಾಕಿದರು. ಟಿಕೆಟ್ ಕೌಂಟರಿನ ಮಾಳಿಗೆಯಲ್ಲಿ, ಅಲೆಯ ಕೊಳದ ಕಡೆಗೆ ಗಾಜಿನ ಕಿಟಕಿ ಇರುವ ಸಣ್ಣ ಕೋಣೆ. "ಮಾನ್ಯ ಅತಿಥಿಗಳೇ" ಎಂದು ನಾನು ಶುರು ಮಾಡಿದರೆ ಪಾರ್ಕಿನ ಎಲ್ಲ ಕಂಬಗಳಿಂದಲೂ ನನ್ನ ದನಿ ಹೊರಡುತ್ತಿತ್ತು. ಬೆಲ್ಲದ ಪಾಕದ ಹಾಗಿನ ದನಿ. ಇದು ಯಾರಪ್ಪಾ ಇಷ್ಟು ಚಂದ ಮಾತಾಡುವವಳು ಎಂದು ನನಗೇ ಅನಿಸುತ್ತಿತ್ತು. ಜಂಬ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ದಿನ ಶಾಲೆಗೆ ರಜೆ. ಜನ ಕಿಕ್ಕಿರಿದಿದ್ದರು. ಮಧ್ಯಾಹ್ನವೇ ಕರೆಂಟು ಹೋಗಿ ಎಲ್ಲವೂ ಜನರೇಟರಿನ ಮೇಲೆ ನಡೆಯುತ್ತಿತ್ತು. ಸಂಜೆ ಪಾರ್ಕು ಮುಚ್ಚುವ ಸೂಚನೆ ಹೇಳಿ ನಾನು ನೀರು ಕುಡಿಯುತ್ತಿದ್ದೆ. ಆಗ ಮೆಟ್ಟಿಲು ಹತ್ತಿಕೊಂಡು ಇಬ್ಬರು ಹೆಂಗಸರು ಬಂದರು. ಮುಂದೆ ಒಬ್ಬ ಅಜ್ಜಿ, ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ. ಕೈಯಲ್ಲಿ ಚಿಕ್ಕ ಮಕ್ಕಳ ಗುಲಾಬಿ ಚಪ್ಪಲಿ. ಹಿಂದೆ ಅವರ ಸೊಸೆ, ತಲೆಗೆ ಟವೆಲು ಸುತ್ತಿಕೊಂಡವಳು.

"ಕೂಸು ಕಾಣ್ತಿಲ್ಲೆ" ಎಂದರು ಅಜ್ಜಿ.

"ದಯವಿಟ್ಟು ಕುಳಿತುಕೊಳ್ಳಿ ಅಮ್ಮ. ಖಂಡಿತ ಹುಡುಕಿಕೊಡುತ್ತೇವೆ" ಎಂದೆ. ಬಾಯಿಪಾಠದ ಮಾತು.

ಸಂತೆಗುಳಿ ಕಡೆಯವರು. ನೆಂಟರ ಜೊತೆ ವ್ಯಾನಿನಲ್ಲಿ ಬಂದಿದ್ದರು. ಸೊಸೆ ಬಟ್ಟೆ ಬದಲಿಸಲು ಹೋಗಿದ್ದಾಗ ಮಗು ಅಜ್ಜಿಯ ಹತ್ತಿರ ಇತ್ತು. ಅಜ್ಜಿ ಬಗ್ಗಿ ಚೀಲದಿಂದ ಚಪ್ಪಲಿ ತೆಗೆದು ತಿರುಗುವಷ್ಟರಲ್ಲಿ ಇಲ್ಲ. ಇನ್ನೂ ಒಂದನೇ ಕ್ಲಾಸಿನ ಹುಡುಗಿ. ಹಳದಿ ಅಂಗಿ, ಕೂದಲಿಗೆ ಕೆಂಪು ರಿಬ್ಬನ್ನು.

ನಾನು ಹೆದರಲಿಲ್ಲ, ಆಗಿನ್ನೂ. ಮಕ್ಕಳು ತಪ್ಪಿಸಿಕೊಳ್ಳುವುದು ನಮ್ಮಲ್ಲಿ ದಿನನಿತ್ಯದ ಮಾತು. ಐಸ್‌ಕ್ರೀಮಿನ ಸಾಲಿನಲ್ಲೋ ರೈಲಿನ ಹತ್ತಿರವೋ ಸಿಕ್ಕೇ ಸಿಗುತ್ತವೆ. ಮೈಕು ಹಾಕಿ ಹುಡುಗಿಯ ಹೆಸರು ಹೇಳಿ, "ಪುಟ್ಟಾ, ನೀನು ಎಲ್ಲಿದ್ದರೂ ಟಿಕೆಟ್ ಕೌಂಟರಿನ ಹತ್ತಿರ ಬಾ, ಅಮ್ಮ ಕಾಯುತ್ತಿದ್ದಾರೆ" ಎಂದೆ. ಕೊಂಕಣಿಯಲ್ಲೂ ಹಿಂದಿಯಲ್ಲೂ ಅದನ್ನೇ ಹೇಳಿದೆ. ಯಾರಾದರೂ ಕೈ ಹಿಡಿದು ಕರೆತರುತ್ತಾರೆ ಎಂದು ಕಿಟಕಿಯಲ್ಲಿ ನೋಡುತ್ತಾ ಕುಳಿತೆ. ಯಾರೂ ತರಲಿಲ್ಲ. ಮತ್ತೆ ಕರೆದೆ. ಜನ ಗೇಟಿನ ಕಡೆ ಹೊರಟಿದ್ದರು. ಗಾರ್ಡು ಪ್ರತಿ ಮಗುವಿನ ಮುಖ ನೋಡಿ ಬಿಡುತ್ತಿದ್ದ. ಹೊರಗೆ ಬೆಳಕು ಇಳಿಯುತ್ತಿತ್ತು.

ಆಮೇಲೆ ಕೊಳದ ಕಾವಲಿನ ಹುಡುಗನೊಬ್ಬ ಮೇಲೆ ಬಂದ. ಅಂಗೈ ಬಿಚ್ಚಿ ತೋರಿಸಿದ. ಒದ್ದೆಯಾದ ಕೆಂಪು ರಿಬ್ಬನ್ನು. ಅಲೆಯ ಕೊಳದ ಅಂಚಿನಲ್ಲಿ ಸಿಕ್ಕಿತಂತೆ.

ಅಜ್ಜಿ ಅದನ್ನು ತೆಗೆದುಕೊಂಡು ಎರಡೂ ಕೈಯಲ್ಲಿ ಎಳೆದು ನೋಡಿದರು. "ಇದು ಅದ್ರದ್ದೇಯ" ಎಂದರು. ಸೊಸೆ ಕುರ್ಚಿಯ ಮೇಲೆ ಕೂರಲು ಹೋಗಿ ನೆಲದ ಮೇಲೆ ಕುಸಿದಳು. ಕಳೆದುಹೋದ ಬಟ್ಟೆಯ ಚೀಲ ಕೇಳಲು ಬಂದಿದ್ದ ಭಟ್ಕಳದ ಹೆಂಗಸೊಬ್ಬರು ಬಾಗಿಲಲ್ಲೇ ನಿಂತಿದ್ದರು. ಅವರು ಬುರ್ಖಾ ಎತ್ತಿ ಹಿಡಿದು ನೆಲಕ್ಕೆ ಕೂತು, ತಮ್ಮ ಬಾಟಲಿಯ ನೀರು ಅವಳಿಗೆ ಕುಡಿಸಿದರು.

ಕೆಳಗೆ ಮ್ಯಾನೇಜರು ಅಲೆಯ ಯಂತ್ರ ನಿಲ್ಲಿಸಿದರು. ಕಾವಲಿನ ಹುಡುಗರನ್ನೆಲ್ಲ ನೀರಿಗಿಳಿಸಿ ಒಬ್ಬರ ಕೈ ಒಬ್ಬರು ಹಿಡಿಯುವಂತೆ ಹೇಳಿದರು. ಅವರು ಸಾಲಾಗಿ, ಪಾದದಿಂದ ಕೊಳದ ತಳವನ್ನು ತಡವುತ್ತಾ, ಒಂದು ಕಡೆಯಿಂದ ನಿಧಾನವಾಗಿ ನಡೆಯತೊಡಗಿದರು.

ಆ ಸಾಲನ್ನು ನಾನು ಮೊದಲೂ ನೋಡಿದ್ದೆ. ನಾನು ಚಿಕ್ಕವಳಿದ್ದಾಗ ನಮ್ಮ ಕಡಲಿನಲ್ಲಿ ಪರವೂರಿನವನೊಬ್ಬ ಈಜಲು ಹೋಗಿ ಕಾಣದಾದ. ಊರಿನ ಗಂಡಸರು ಎದೆಮಟ್ಟದ ನೀರಿನಲ್ಲಿ ಹೀಗೆಯೇ ಕೈ ಹಿಡಿದು ನಡೆದಿದ್ದರು. ಒಬ್ಬನ ಕಾಲಿಗೆ ಏನೋ ತಾಗಿತು. ಅವನು ಕೂಗಲಿಲ್ಲ, ಸುಮ್ಮನೆ ನಿಂತುಬಿಟ್ಟ. ಅವನ ಮುಖ ನನಗೆ ಈಗಲೂ ನೆನಪಿದೆ. ಮೈಕಿನ ಮುಂದೆ ಕುಳಿತು ನಾನು ಆ ಹುಡುಗರ ಮುಖಗಳನ್ನೇ ಒಂದೊಂದಾಗಿ ನೋಡುತ್ತಿದ್ದೆ. ಯಾರು ನಿಲ್ಲುತ್ತಾರೆ, ಯಾರು ನಿಲ್ಲುತ್ತಾರೆ ಎಂದು. ನೋಡಲೂ ಆಗುತ್ತಿರಲಿಲ್ಲ, ಕಣ್ಣು ತೆಗೆಯಲೂ ಆಗುತ್ತಿರಲಿಲ್ಲ.

ಫೋನು ಬಂತು. ಮ್ಯಾನೇಜರು. ಮಂಗಳೂರಿನವರು, ಒಳ್ಳೆಯ ಮನುಷ್ಯ. "ನೀವು ಕರೀತಾ ಇರಿ, ನಿಲ್ಲಿಸ್ಬೇಡಿ. ದನಿ ನಡುಗ್ಲಿಕ್ಕೆ ಬಿಡ್ಬೇಡಿ ಮಾರಾಯ್ರೆ, ಜನ ಗಾಬರಿಯಾದ್ರೆ ಗೇಟಲ್ಲಿ ನೂಕಾಟ ಆಗ್ತದೆ" ಎಂದರು. ಅವರ ಮಾತು ಸರಿಯೇ ಇತ್ತು. ಗೇಟಿನಲ್ಲಿ ಎಷ್ಟೊಂದು ಮಕ್ಕಳಿದ್ದವು.

ಭಯ ದನಿಗೆ ಏರಬಾರದೆಂದು ಮೇಡಂ ಕಲಿಸಿದ್ದನ್ನೇ ಮಾಡಿದೆ. ಮುಖದ ಮೇಲೆ ನಗು ತಂದುಕೊಂಡೆ. ನಗುತ್ತಲೇ ಮತ್ತೆ ಹುಡುಗಿಯ ಹೆಸರು ಹಿಡಿದು ಕರೆದೆ. "ಪುಟ್ಟಾ, ಬಾ ಪುಟ್ಟಾ." ಮೈಕು ಆರಿಸಿ ತಿರುಗಿದರೆ ಅದರ ತಾಯಿ ನೆಲದಿಂದ ನನ್ನನ್ನೇ ನೋಡುತ್ತಿದ್ದಳು.

"ಎಂತಕ್ಕೆ ನಗ್ತೆ ನೀನು?" ಎಂದಳು.

ಎಷ್ಟು ಪ್ರಯತ್ನಿಸಿದರೂ ಆ ನಗು ಮುಖದಿಂದ ಇಳಿಯುತ್ತಿರಲಿಲ್ಲ. ಹೆದರಿಕೆಯಲ್ಲಿ ದವಡೆ ಹಾಗೆಯೇ ಸೆಟೆದು ನಿಂತಿತ್ತು. ಕೈಯಿಂದ ಬಾಯಿ ಮುಚ್ಚಿಕೊಂಡೆ.

ಅಜ್ಜಿ ಮಾತ್ರ ಅಳುತ್ತಿರಲಿಲ್ಲ. ಆದರೆ ನಾನು ಪ್ರತಿ ಸಲ ಹೆಸರು ಕರೆದಾಗಲೂ ಯಾರೋ ಚಿವುಟಿದಂತೆ ಬೆಚ್ಚುತ್ತಿದ್ದರು. ಇನ್ನೊಮ್ಮೆ ಮೈಕಿಗೆ ಕೈ ಹಾಕಿದಾಗ ನನ್ನ ಮಣಿಕಟ್ಟು ಹಿಡಿದುಬಿಟ್ಟರು.

"ತಂಗಿ, ಹೆಸ್ರು ಹಿಡ್ದು ಕರೆಯಡ."

ಹೆಸರು ಊರಿಗೆಲ್ಲ ಗೊತ್ತಾಯಿತೆಂದು ಸಂಕೋಚವೇನೋ ಅಂದುಕೊಂಡೆ. "ಹೆಸರು ಹೇಳದಿದ್ದರೆ ಮಗುವಿಗೆ ತಿಳಿಯುವುದು ಹೇಗೆ ಅಮ್ಮ?" ಎಂದೆ.

"ಅದಕ್ಕೆ ಕೇಳ್ತಾ ಇದ್ದು. ಕೇಳೇ ಅದು ಬತ್ತಿಲ್ಲೆ. ನಾನೇ ಹೇಳಿಕೊಟ್ಟಿದ್ದು. ದೀಪ ಹಚ್ಚ ಹೊತ್ತಿಗೆ, ಮುಖ ಕಾಣ್ದೆ ಯಾರಾದ್ರೂ ಹೆಸ್ರು ಹಿಡ್ದು ಕರೆದ್ರೆ ಓ ಹೇಳಡ, ಅಡಗಿ ಕೂತ್ಕ ಹೇಳಿ."

ಆ ಮಾತು ನನಗೆ ಹೊಸದಾಗಿರಲಿಲ್ಲ. ನನ್ನ ಅಜ್ಜಿಯೂ ಅದನ್ನೇ ಹೇಳುತ್ತಿದ್ದಳು. ಮುಸ್ಸಂಜೆಯಲ್ಲಿ ಹಿತ್ತಲಿನಿಂದ ಯಾರು ಕರೆದರೂ ಮೊದಲು ಹೋಗಿ ಮುಖ ನೋಡು, ಆಮೇಲೆ ಓ ಅನ್ನು. ಕಾಣದೆ ಕರೆಯುವುದು ಮನುಷ್ಯರಲ್ಲ. ನಮ್ಮಜ್ಜಿಯ ಕತೆಗಳಲ್ಲಿ ಹಾಗೆ ಕರೆಯುವ ಹೆಣ್ಣಿನ ದನಿ ಯಾವತ್ತೂ ಕರ್ಕಶವಾಗಿರುತ್ತಿರಲಿಲ್ಲ. ಬಹಳ ಸಿಹಿಯಾಗಿರುತ್ತಿತ್ತು.

ಮುಸ್ಸಂಜೆಯಲ್ಲಿ, ಆಕಾಶದಿಂದ, ಎಲ್ಲ ದಿಕ್ಕಿನಿಂದ, ಗುರುತಿಲ್ಲದ ಹೆಂಗಸೊಬ್ಬಳು ನಗುನಗುತ್ತಾ ತನ್ನ ಹೆಸರು ಹಿಡಿದು ಬಾ ಬಾ ಎಂದು ಕರೆಯುತ್ತಿದ್ದರೆ ಆ ಕೂಸು ಏನು ಮಾಡಬೇಕು? ನಾನೇ ಆಗಿದ್ದರೆ ಸಿಕ್ಕಿದ ಸಂದಿಯೊಳಗೆ ತೂರಿಕೊಳ್ಳುತ್ತಿದ್ದೆ. ಇನ್ನೊಮ್ಮೆ ಕರೆದರೆ ಇನ್ನೂ ಒಳಗೆ ಹೋಗುತ್ತಿದ್ದೆ. ನನಗೆ ನನ್ನ ದನಿಯ ಮೇಲೆಯೇ ಭಯವಾಯಿತು.

"ಹಂಗಾರೆ ಮನೇಲಿ ಎಂತ ಹೇಳಿ ಕರೀತ್ರಿ?" ಎಂದೆ. ಕಲಿತ ಭಾಷೆ ಅಲ್ಲಿಗೆ ಮುಗಿದಿತ್ತು.

"ಸೊಪ್ಪಿಗೆ ಬೆಟ್ಟಕ್ಕೆ ಹೋದಾಗ ಹೆಸ್ರು ಕೂಗದಿಲ್ಲೆ. ಕೂ ಹಾಕ್ತೆ. ಅದೂ ಕೂ ಹೇಳ್ತು."

ಅವರ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದೆ. ಗೆಸ್ಟ್ ನೋಡಿದರೋ ಹೆದರಿದರೋ ಗೊತ್ತಿಲ್ಲ. ಕೊಳದ ಪಕ್ಕ ನಿಂತು ಅಜ್ಜಿ ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು ಕೂ ಹಾಕಿದರು. ಜನರೇಟರಿನ ಗುಡುಗಾಟದಲ್ಲಿ, ನೀರೆತ್ತುವ ಪಂಪುಗಳ ಗುಂಯ್ ಎಂಬ ಸದ್ದಿನಲ್ಲಿ ಆ ಕೂಗು ಪಕ್ಕದಲ್ಲೇ ನಿಂತ ನನಗೂ ಅರ್ಧ ಕೇಳಿತು.

"ಜನರೇಟರ್ ಬಂದ್ ಮಾಡ್ಸಿ ಸರ್" ಎಂದೆ ಮ್ಯಾನೇಜರಿಗೆ. ಯಾಕೆಂದು ಒಂದೇ ಉಸಿರಿನಲ್ಲಿ ಹೇಳಿದೆ.

"ಹುಡುಗರು ನೀರಲ್ಲಿದ್ದಾರಲ್ಲ" ಎಂದರು ಅವರು. "ಲೈಟು ಹೋದ್ರೆ ತಳ ಕಾಣುದಿಲ್ಲ. ಮಗು ಅಲ್ಲೇ ಇದ್ರೆ?"

ಮಗು ಅಲ್ಲೇ ಇದ್ದರೆ. ಕತ್ತಲಲ್ಲಿ ಕಳೆದ ಪ್ರತಿ ಗಳಿಗೆಯೂ ಅದರ ಜೀವದ ಗಳಿಗೆ. ನನ್ನ ಹತ್ತಿರ ಇದ್ದುದಾದರೂ ಏನು? ಒಬ್ಬ ಮುದುಕಿಯ ಮಾತು, ನಮ್ಮಜ್ಜಿಯ ಕತೆ. ರಿಬ್ಬನ್ನು ಸಿಕ್ಕಿದ್ದು ನೀರಿನ ಅಂಚಿನಲ್ಲಿ. ನಾನು ಹೇಳಿದ್ದು ತಪ್ಪಾದರೆ? ಇನ್ನೊಮ್ಮೆ ಬಂದ್ ಮಾಡಿಸಿ ಅನ್ನುವ ಧೈರ್ಯ ನನಗೆ ಉಳಿದಿರಲಿಲ್ಲ. ಮ್ಯಾನೇಜರು ಕೊಳ ನೋಡಿದರು, ಅಜ್ಜಿಯ ಮುಖ ನೋಡಿದರು. ಆಮೇಲೆ ಸೀಟಿ ಊದಿ, ಹುಡುಗರಿಗೆ ಕೈ ಬಿಡದೆ ಇದ್ದಲ್ಲೇ ನಿಲ್ಲಲು ಹೇಳಿ, ಜನರೇಟರಿನವನಿಗೆ ಕೈ ಎತ್ತಿದರು.

ಎಲ್ಲವೂ ಒಮ್ಮೆಲೇ ಆರಿತು. ಪಂಪುಗಳು ನರಳುತ್ತಾ ನಿಂತವು. ಇಷ್ಟು ದಿನ ಕೆಲಸ ಮಾಡಿದ ಜಾಗದಲ್ಲಿ ನಾನು ಮೊದಲ ಸಲ ಸಮುದ್ರದ ಸದ್ದು ಕೇಳಿದೆ. ನೀರಿನಲ್ಲಿ ಸಾಲಾಗಿ ನಿಂತ ಹುಡುಗರು ಕಪ್ಪಗೆ ಕಾಣುತ್ತಿದ್ದರು. ಯಾರೂ ಕದಲಲಿಲ್ಲ.

ಅಜ್ಜಿ ಕೂ ಹಾಕಿದರು. ಉದ್ದನೆಯ, ಕೊನೆಯಲ್ಲಿ ಮೇಲಕ್ಕೇರುವ ಕೂ. ಉತ್ತರ ಬರಲಿಲ್ಲ. ನಾನು ಮನಸ್ಸಿನಲ್ಲಿ ಮುರ್ಡೇಶ್ವರದ ದೇವರಿಗೆ ಏನೇನೋ ಹರಕೆ ಹೇಳಿಕೊಂಡೆ. ಅಜ್ಜಿ ಉಸಿರು ತುಂಬಿಕೊಂಡು ಮತ್ತೆ ಹಾಕಿದರು. ಈ ಸಲ ದನಿ ಒಡೆಯಿತು. ಕೊನೆಯ ಅರ್ಧ ಬರೀ ಗಾಳಿ.

ಆಗ ಜಾರುಬಂಡಿಯ ಗೋಪುರದ ಬುಡದಿಂದ, ಸಿಮೆಂಟಿನ ಬಂಡೆಯ ಒಳಗಿನಿಂದ, ದಾರದಷ್ಟು ತೆಳ್ಳಗೆ ಒಂದು ಕೂ ಬಂತು.

ಆ ಬಂಡೆಯ ಹಿಂದೆ ಪಂಪಿನ ಕೋಣೆ. ಬಂದವರಿಗೆ ಅದು ಕಾಣಬಾರದೆಂದು ಗುಹೆಯ ಹಾಗೆ ಕಟ್ಟಿದ್ದರು. ಬಾಗಿಲು ಓರೆಯಾಗಿ ತೆರೆದಿತ್ತು. ಮ್ಯಾನೇಜರು ಮೊಬೈಲಿನ ಬೆಳಕು ಹಾಕಿದರು. ಬಾಗಿಲಿಗೆ ಎರಡು ಹೆಜ್ಜೆ ದೂರದಲ್ಲಿ ನೆಲದ ಟ್ಯಾಂಕು. ತೊಳೆಯಲೆಂದು ಅದರ ಕಬ್ಬಿಣದ ಮುಚ್ಚಳ ತೆಗೆದು ಗೋಡೆಗೆ ಒರಗಿಸಿದ್ದರು. ಬಾಯಿ ತೆರೆದ ಕಪ್ಪು ನೀರು. ಅದರ ಆಚೆ ದಡದಲ್ಲಿ, ಗೋಡೆಗೆ ಬೆನ್ನು ಹಚ್ಚಿ, ಹಳದಿ ಅಂಗಿಯ ಹುಡುಗಿ ಕುಕ್ಕರಗಾಲಿನಲ್ಲಿ ಕೂತಿತ್ತು. ಎರಡೂ ಕೈ ಕಿವಿಯ ಮೇಲೆ. ಕಾಲಿನ ಹೆಬ್ಬೆರಳು ಟ್ಯಾಂಕಿನ ಅಂಚಿನಿಂದ ಹೊರಗೆ ಚಾಚಿತ್ತು.

"ಪುಟ್ಟಾ" ಎಂದು ನನ್ನ ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದೆ. ಆ ದನಿ ಕೇಳಿ ಅದು ಬೆಚ್ಚಿ ಎದ್ದರೆ ಮುಂದೆ ನೀರೇ.

"ಕೂಸೇ, ನಾ ಬಂದಿ. ಅಲ್ಲೇ ಕೂತ್ಕ, ಏಳಡ" ಎಂದರು ಅಜ್ಜಿ, ಮನೆಯ ಜಗುಲಿಯಲ್ಲಿ ಹೇಳುವಷ್ಟು ಸಾವಕಾಶವಾಗಿ. ಅವರ ಕೈಯೊಳಗೆ ನನ್ನ ಬೆರಳುಗಳು ಪುಡಿಯಾಗುತ್ತಿದ್ದವು. ಮ್ಯಾನೇಜರು ಶೂ ಬಿಚ್ಚಿ, ಗೋಡೆಗೆ ಬೆನ್ನು ಒತ್ತಿಕೊಂಡು, ಟ್ಯಾಂಕಿನ ಅಂಚಿನ ಮೇಲೆ ಅಡ್ಡಡ್ಡ ನಡೆದು ಹೋಗಿ ಹುಡುಗಿಯನ್ನು ಎತ್ತಿಕೊಂಡರು. ಹೊರಗೆ ತಂದು ಅಜ್ಜಿಯ ಮಡಿಲಿಗೆ ಹಾಕಿದ ಮೇಲೆ, ಅಷ್ಟು ದೊಡ್ಡ ಮನುಷ್ಯ ಬಂಡೆಗೆ ಒರಗಿ ಗಳಗಳ ಅತ್ತರು. ನೀರಿನಿಂದ ಹುಡುಗರು ಒಬ್ಬೊಬ್ಬರಾಗಿ ಮೇಲೆ ಬಂದರು. ಅವರಲ್ಲೊಬ್ಬ ಪಕ್ಕದವನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

ರಿಬ್ಬನ್ನು ಬಿದ್ದದ್ದು ಮಧ್ಯಾಹ್ನ ಆಡುವಾಗ, ಮನೆಯವರು ಗಮನಿಸಿರಲಿಲ್ಲ. ಗುಹೆ ನೋಡಲು ಹೋದ ಹುಡುಗಿ ಬಾಗಿಲ ಹತ್ತಿರ ಇದ್ದಾಗ ಮೊದಲ ಕರೆ ಕೇಳಿತಂತೆ. "ಅದು ಕರೆದಾಂಗೆಲ್ಲ ಒಳಗೆ ಒಳಗೆ ಹೋದೆ" ಎಂದು, ಅಷ್ಟರಲ್ಲಿ ಕೆಳಗೆ ಓಡಿಬಂದಿದ್ದ ತಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಹೇಳಿತು. ಎಷ್ಟು ಸಲ ಕರೆದಿದ್ದೆ ನಾನು? ಇನ್ನೊಮ್ಮೆ ಕರೆದಿದ್ದರೆ ಸರಿಯಲು ಜಾಗ ಎಲ್ಲಿತ್ತು? ಅಜ್ಜಿ ನನ್ನ ಮಣಿಕಟ್ಟು ಹಿಡಿದ ಜಾಗ ಇನ್ನೂ ಕೆಂಪಗಿತ್ತು. ಅದನ್ನೇ ಉಜ್ಜಿಕೊಳ್ಳುತ್ತಾ ನಿಂತೆ.

ಜನರೇಟರು ಮತ್ತೆ ಶುರುವಾಗಿ ದೀಪಗಳು ಬಂದವು. ವ್ಯಾನು ಗೇಟಿಗೆ ಬಂತು. ನಮ್ಮ ಪದ್ಧತಿಯಂತೆ ನಾನು ಕೈ ಮುಗಿದು, ಧನ್ಯವಾದ, ಮತ್ತೆ ಬನ್ನಿ ಅನ್ನಬೇಕು. "ಧನ್ಯ" ಎನ್ನುವಷ್ಟರಲ್ಲಿ ಹುಡುಗಿ ಚಿಟ್ಟನೆ ಚೀರಿ ತಾಯಿಯ ಸೆರಗಿನೊಳಗೆ ಹೊಕ್ಕಿತು. ದನಿಯ ಗುರುತು ಸಿಕ್ಕಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಅಜ್ಜಿ ನನ್ನನ್ನು ಹೋಗಲು ಬಿಡಲಿಲ್ಲ. "ತಂಗಿ, ಇಲ್ಲಿ ಬಾ. ಇದ್ರ ಎದ್ರಿಗೆ ಕೂತು ಒಂದ್ಸಲ ಹಾಂಗೇ ಕರೆ. ಮುಖ ನೋಡ್ಲಿ. ಇಲ್ದಿದ್ರೆ ಇದು ಇನ್ನು ರಾತ್ರಿ ಮಲಗ್ತಿಲ್ಲೆ."

"ನಂಗೆ ಹೆದ್ರಿಕೆ ಆತದೆ ಅಮ್ಮ" ಎಂದೆ. ಮೂವತ್ತು ದಾಟಿದ ಹೆಂಗಸು ನಾನು, ನಿಜವಾಗಿಯೂ ಹಾಗೆಯೇ ಹೇಳಿದೆ.

"ಅದಕ್ಕೂ ಆಗ್ತು. ಕರೆ."

ಗೇಟಿನ ದೀಪದ ಕೆಳಗೆ ಕುಕ್ಕರಗಾಲಿನಲ್ಲಿ ಕೂತೆ. ನಗು ಬರಲಿಲ್ಲ, ತರಿಸಿಕೊಳ್ಳಲೂ ಹೋಗಲಿಲ್ಲ. ಮೈಕಿನಲ್ಲಿ ಹೇಗೆ ಕರೆದಿದ್ದೆನೋ ಹಾಗೆಯೇ ಅದರ ಹೆಸರು ಹಿಡಿದು ಕರೆದೆ. ದನಿ ನಡುವೆ ಎರಡು ಕಡೆ ಒಡೆಯಿತು. ಹುಡುಗಿ ಸೆರಗಿನಿಂದ ಒಂದು ಕಣ್ಣು ಹೊರಗೆ ಹಾಕಿ ನನ್ನ ಬಾಯಿಯನ್ನೇ ನೋಡಿತು. ಬಾಯಿಯಿಂದ ಕಣ್ಣಿಗೆ ಬಂತು, ಕಣ್ಣಿಂದ ಮತ್ತೆ ಬಾಯಿಗೆ ಹೋಯಿತು. ನಾನು ಕದಲಲಿಲ್ಲ. ವ್ಯಾನಿನ ಡ್ರೈವರ್ ಹಾರ್ನ್ ಹೊಡೆಯಲು ಹೋಗಿ ಕೈ ಹಿಂದಕ್ಕೆ ತೆಗೆದ.

"ಓ" ಎಂದಿತು ಹುಡುಗಿ.

ವ್ಯಾನು ಹೆದ್ದಾರಿಗೆ ಇಳಿದ ಮೇಲೂ ನಾನು ಅಲ್ಲೇ ಕೂತಿದ್ದೆ.